ಮೂರನೇ ಮನೆಯ ಭಿಕ್ಷೆ

ಎರಡನೇ ಮನೆಯಾಕೆ ಸಟ್ಟುಗದ ತುಂಬ ಅನ್ನ ಬೇಳೆ ಸುರಿದಾಗ ಜೋಳಿಗೆಯ ಬಟ್ಟೆ ಬಿಸಿಯಾಗಿ ಶಿವಕಾಂತಾಳ ಅಂಗೈಗೆ ತಾಗಿತು. ಅವಳು ಕಣ್ಣು ಮುಚ್ಚಿಕೊಂಡೇ ನಿಂತಿದ್ದಳು. ನಲವತ್ತಮೂರು ವರ್ಷದ ಬಾಳಿನಲ್ಲಿ ಯಾರ ಮುಂದೆಯೂ ಕೈಯೊಡ್ಡಿದವಳಲ್ಲ. ಮಾದನಹಿಪ್ಪರಗಾದ ತನ್ನ ಮನೆ ಬಾಗಿಲಿಗೆ ಬಂದವರಿಗೆ ತಾನೇ ಮೊರದ ತುಂಬ ಜೋಳ ಹಾಕಿ ಕಳಿಸುವವಳು. ಅಂಥವಳು ಈಗ ಗಾಣಗಾಪುರದ ಓಣಿಯಲ್ಲಿ, ಸುಡುವ ಮಧ್ಯಾಹ್ನ, ಮನೆ ಮನೆಯ ಮುಂದೆ ನಿಂತು "ಭವತಿ ಭಿಕ್ಷಾಂ ದೇಹಿ" ಅನ್ನಬೇಕಾಗಿತ್ತು. ಮೊದಲ ಮನೆಯಲ್ಲಂತೂ ಬಾಯಿಂದ ಶಬ್ದವೇ ಹೊರಡಲಿಲ್ಲ. ಆ ಮನೆಯ ಮುದುಕಿಯೇ ನಕ್ಕು, "ಮೊದಲ ಸಲಾ ಬಂದೀಯೇನವ್ವಾ? ನಾಚಬ್ಯಾಡ. ಈ ಊರಾಗ ಭಿಕ್ಷಾ ಬೇಡಾಂವ ದತ್ತನೇ ಅಂತಾರ," ಎಂದು ಎರಡು ರೊಟ್ಟಿ ಹಾಕಿದ್ದಳು.

ಮಧುಕರಿ ಎಂಬ ಈ ಭಿಕ್ಷೆಯ ನೇಮ ಕಠಿಣವೇನಲ್ಲ. ಹೊಳೆಯಲ್ಲಿ ಮಿಂದು ಐದು ಮನೆ ಬೇಡಬೇಕು. ಇದು ಬೇಕು, ಅದು ಬೇಡ ಅನ್ನುವಂತಿಲ್ಲ. ಹಾಕಿದ್ದನ್ನು ನೆಲಕ್ಕೆ ಚೆಲ್ಲುವಂತಿಲ್ಲ, ಬಾಗಿಲಲ್ಲಿ ನಿಂತು ಜಗಳಾಡುವಂತಿಲ್ಲ. ಐದೂ ಮನೆಯದನ್ನು ಕೂಡಿಸಿ ಉಂಡರೆ ಹರಕೆ ತೀರಿತು. ಶಿವಕಾಂತಾಳ ಹರಕೆ ಗಂಡನ ಸಕ್ಕರೆ ಕಾಯಿಲೆ ಇಳಿಯಲಿ ಎಂಬುದು.

ಅದು ಶುರುವಾಗಿ ಎರಡು ವರ್ಷ. ಅವಳ ಗಂಡ ದೌಲತರಾಯ ತೊಗರಿ ವ್ಯಾಪಾರಿಯೊಬ್ಬರ ಪರವಾಗಿ ಊರೂರು ತಿರುಗಿ ಖರೀದಿ ಮಾಡುವವನು. ಒಂದು ಸಂಜೆ ಬಂದವನೇ ಪಡಸಾಲೆಯಲ್ಲಿ ಕುಸಿದು ಕೂತು, "ಜೇವರ್ಗಿ ಡಾಕ್ಟರು ರಕ್ತ ನೋಡಿದ್ರು. ನನಗ ಸಕ್ರಿ ಬಂದದ," ಅಂದ. ಆ ಕಾಯಿಲೆ ಏನು ಮಾಡುತ್ತದೆಂದು ಅವಳು ಕಣ್ಣಾರೆ ಕಂಡಿದ್ದಳು. ಅವಳ ಅಪ್ಪ ಖಂಡಪ್ಪನಿಗೆ ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ ಕಾಲು. ಒಂದು ವರ್ಷ ಆ ಗಾಯ ತೊಳೆದವಳು ಇವಳೇ. ಆ ವಾಸನೆ ಇನ್ನೂ ಒಮ್ಮೊಮ್ಮೆ ಉಣ್ಣುವಾಗ ಮೂಗಿಗೆ ಬಡಿಯುತ್ತಿತ್ತು.

ಮರುದಿನವೇ ಊರಿನ ಆಶಾ ಕಾರ್ಯಕರ್ತೆ ಮುಮತಾಜಳ ಮನೆಗೆ ಓಡಿದಳು. ಮುಮತಾಜ ಓಟ್ಸಿನ ಹೆಸರು ಹೇಳಿದಳು, ಮೊಬೈಲಿನಲ್ಲಿ ಅದರ ಬಿಸ್ಕೀಟು ಮಾಡುವ ರೀತಿ ತೋರಿಸಿದಳು. ಮನೆಯಲ್ಲಿ ಒಲೆಯಿತ್ತು, ಓವನ್ ಎಲ್ಲಿಂದ ಬರಬೇಕು? ಶಿವಕಾಂತಾ ಹಳೆಯ ಅಲ್ಯುಮಿನಿಯಂ ಬೋಗುಣಿಗೆ ಮರಳು ತುಂಬಿ, ಅದನ್ನು ಕಾಯಿಸಿ, ಒಳಗೆ ತಾಟು ಇಟ್ಟು ಮುಚ್ಚಿ ಬೇಯಿಸುವುದು ಕಲಿತಳು. ಮೊದಲ ನಾಲ್ಕು ಸಲ ಸುಟ್ಟು ಕರಕಾಯಿತು. ಅತ್ತೆ ಗುರಮ್ಮ, "ಸಗಣಿ ಕುಳ್ಳ ಸುಡಾಕತ್ತೀಯೇನ ಬೇ?" ಎಂದು ಚೇಷ್ಟೆ ಮಾಡಿದಳು. ಐದನೇ ಸಲ ಕೈ ಕೂಡಿತು. ಹುರಿದ ಓಟ್ಸಿನ ಹಿಟ್ಟು, ಅದರ ಕಾಲುಭಾಗ ಸಜ್ಜೆಹಿಟ್ಟು, ಅಗಸೆ, ಶೇಂಗಾಪುಡಿ, ಓಂಕಾಳು, ಒಂದಿಷ್ಟು ತುಪ್ಪ. ಕಲಸಿ, ತಟ್ಟಿ, ಚಕ್ಕಲಿ ಒತ್ತುವ ಹಿತ್ತಾಳೆಯ ಬಿಲ್ಲೆಯನ್ನು ಮೇಲೆ ಒತ್ತಿದರೆ ಬಿಸ್ಕೀಟಿನ ನಡುವೆ ನಕ್ಷತ್ರದಂಥ ಚುಕ್ಕಿ ಮೂಡುತ್ತಿತ್ತು. ಬಿಲ್ಲೆಯ ಒಂದು ಮೂಲೆ ಮುರಿದಿತ್ತು, ಹಾಗಾಗಿ ಚುಕ್ಕಿಗೂ ಒಂದು ಮೂಲೆ ಮೊಂಡು. ಚಂದ ಕಾಣಲಿ ಎಂದು ಒತ್ತುತ್ತಿದ್ದಳು, ಬೇರೇನಿಲ್ಲ. ಜೊತೆಗೆ ಓಟ್ಸಿನ ಚೂಡಾ ಒಂದು ಡಬ್ಬಿ.

ಪ್ರತಿ ಗುರುವಾರ ದೌಲತರಾಯ ಜೇವರ್ಗಿಗೆ ಹೋಗುತ್ತಿದ್ದ, ಆ ರಾತ್ರಿ ಅಲ್ಲೇ ವ್ಯಾಪಾರಿಯ ಗೋದಾಮಿನಲ್ಲಿ ಉಳಿಯುತ್ತಿದ್ದ. "ವಾರದ್ದು ಒಮ್ಮಿಗೇ ಕಟ್ಟಿಬಿಡು, ಡಬ್ಬಿ ಗೋದಾಮಿನ್ಯಾಗ ಇಟ್ಟು ತಿಂತೇನಿ. ಹೊರಗಿನ ಭಜಿ ಗಿಜಿ ತಿನ್ನೂದು ತಪ್ತದ," ಅನ್ನುತ್ತಿದ್ದ. ಅವಳು ಕಟ್ಟುತ್ತಿದ್ದಳು. ಅವನ ಮುಂದೆ ಸಿಹಿ ತಿನ್ನಲು ಮನಸ್ಸಾಗದೆ ತಾನೂ ಸಕ್ಕರೆ ಬಿಟ್ಟಳು. ಯುಗಾದಿಗೆ ಹೋಳಿಗೆ ಮಾಡಲಿಲ್ಲ, ಪಂಚಮಿಗೆ ಉಂಡೆ ಕಟ್ಟಲಿಲ್ಲ. ಓಟ್ಸ್ ತರಲು ಆಳಂದಕ್ಕೆ ಬಸ್ಸು ಹತ್ತುವಳು, ತಂದದ್ದರಲ್ಲಿ ಒಂದು ಬಿಸ್ಕೀಟನ್ನೂ ತಾನು ಪೂರ್ತಿ ತಿಂದವಳಲ್ಲ. ತಾಟಿಗೆ ಅಂಟಿದ ಚೂರು ನೆಕ್ಕಿ ಹದ ನೋಡುತ್ತಿದ್ದಳು, ಅಷ್ಟೆ. ಹುಚ್ಚಿ ಅನ್ನಿ ಬೇಕಾದರೆ, ಹೆದರಿದ ಹೆಂಗಸು ಇನ್ನೇನು ಮಾಡುತ್ತಾಳೆ?

ಹೋದ ತಿಂಗಳು ದೌಲತರಾಯ ಮುಖ ಸಣ್ಣ ಮಾಡಿಕೊಂಡು, "ಸಕ್ರಿ ಇನ್ನಾ ಏರ್ಯಾದಂತ. ಬಿಸ್ಕೀಟ ಜರಾ ಜಾಸ್ತಿ ಮಾಡು," ಅಂದ. ಅವತ್ತು ಹೊತ್ತದ್ದೇ ಈ ಹರಕೆ. ಗುರಮ್ಮ ಮೊದಲು ಒಪ್ಪಲಿಲ್ಲ. "ಕೊಳ್ಳಾಗ ಲಿಂಗಾ ಕಟ್ಟಿದಾಕಿ ಜೋಳಗಿ ಹಿಡಿತೀಯಾ?" ಎಂದು ರೇಗಿದಳು. ಆಮೇಲೆ ಮಗನ ಚಿಂತೆ ಗೆದ್ದಿತು. "ಹೋಗಿ ಬಾ ಹೋಗು. ಅವಗ ಹೇಳಬ್ಯಾಡ, ಬ್ಯಾಡಂತಾನ," ಎಂದು ಮುದುಕಿಯೇ ಬಿಳಿ ಬಟ್ಟೆ ತೆಗೆದು ಕೊಟ್ಟಳು. ಇವತ್ತು ಗುರುವಾರ. ದೌಲತರಾಯ ಡಬ್ಬಿ ಹಿಡಿದು ಜೇವರ್ಗಿ ಕಡೆ ಹೋದ ಬಳಿಕ ಇವಳು ಬಸ್ಸು ಹತ್ತಿ, ನಡುವೆ ಎರಡು ಕಡೆ ಇಳಿದು ಹತ್ತಿ, ಗಾಣಗಾಪುರ ಮುಟ್ಟಿದ್ದಳು.

ಮೂರನೇ ಮನೆ ಓಣಿಯ ತಿರುವಿನಲ್ಲಿತ್ತು. ನೀಲಿ ಬಾಗಿಲು, ಮುಂದೆ ಹೊಸದಾಗಿ ಹಾಕಿದ ತಗಡಿನ ಪತ್ರಾಸು. ಶಿವಕಾಂತಾಳಿಗೆ ಈಗ ದನಿ ಕೂಡಿ ಬಂದಿತ್ತು. ಬೇಡಿದಳು. ಮೂವತ್ತೈದರ ಹೆಂಗಸೊಬ್ಬಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮುಖ ಬಾಡಿತ್ತು, ಆದರೂ ನಗು ಚೆಂದ ಇತ್ತು.

"ತಡೀರಿ ಯಕ್ಕಾ, ಖಾಲಿ ಕೈಲೆ ಕಳಸಂಗಿಲ್ಲ. ಇವತ್ತ ತಲಿ ತಿರಗಾಕತ್ತಿತ್ತು, ಅಡಗಿನೇ ಮಾಡಿಲ್ಲ," ಎಂದು ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದಳು. ಮುಚ್ಚಳ ತೆಗೆದು ಐದಾರು ಬಿಸ್ಕೀಟು ಹಿಡಿದು ಜೋಳಿಗೆಗೆ ಹಾಕಿದಳು.

ಅನ್ನದ ಮೇಲೆ ಬಿದ್ದ ಬಿಸ್ಕೀಟುಗಳನ್ನು ಶಿವಕಾಂತಾ ನೋಡಿದಳು. ಪ್ರತಿಯೊಂದರ ನಡುವೆ ಚುಕ್ಕಿ, ಚುಕ್ಕಿಯ ಒಂದು ಮೂಲೆ ಮೊಂಡು. ಕಣ್ಣೆತ್ತಿ ಡಬ್ಬಿ ನೋಡಿದಳು. ಡಬ್ಬಿಯ ಹೊಟ್ಟೆಯ ಮೇಲೆ ಬಿಂದು ಬಿಂದುವಾಗಿ ಕೊರೆದ ಅಕ್ಷರ: ಖಂಡಪ್ಪ. ಅವಳ ಮದುವೆಯಲ್ಲಿ ಅಪ್ಪ ಕೊಟ್ಟ ಪಾತ್ರೆಗಳಲ್ಲಿ ಒಂದು ಅದು. ಜೇವರ್ಗಿಯ ಗೋದಾಮಿನಲ್ಲಿ ಇದೆ ಎಂದು ದೌಲತರಾಯ ಹೇಳುತ್ತಿದ್ದ ಡಬ್ಬಿ.

"ಇವು... ಎಲ್ಲಿ ತಂದ್ರಿ ಯವ್ವಾ?" ಕೇಳಿದ್ದು ತಾನೇ ಎಂದು ಅವಳಿಗೆ ಅನಿಸಲಿಲ್ಲ.

"ಇವು ಅಂಗಡ್ಯಾಗ ಸಿಗಂಗಿಲ್ರಿ, ಓಟ್ಸಿನ ಬಿಸ್ಕೀಟ. ಸಕ್ರಿ ಹಾಕಿರಂಗಿಲ್ಲ. ನನಗ ಎರಡು ವರ್ಷಾತ್ರಿ ಸಕ್ರಿ ಬಂದು. ಅವತ್ತಿಂದ ನಮ್ಮ ಮನಿಯವ್ರು ಒಂದು ವಾರಾನೂ ತಪ್ಪಿಸಿಲ್ಲ. ಇವತ್ತ ಸಂಜೀಕ ಹೊಸಾ ಡಬ್ಬಿ ಬರ್ತದ, ಅದಕ್ಕೇ ಇವು ಖಾಲಿ ಮಾಡಾಕತ್ತೇನಿ." ಹೆಂಗಸು ಬಾಗಿಲ ಚೌಕಟ್ಟಿಗೆ ಒರಗಿದಳು. ಮಾತಿಗೆ ಯಾರಾದರೂ ಸಿಕ್ಕರೆ ಸಾಕೆನ್ನುವ ಹಾಗಿತ್ತು. "ಯಾವೂರು ನಿಮ್ಮದು?"

"ಆಳಂದ ಕಡೀದು."

"ಅಯ್ಯ ಹೌದಾ! ನಮ್ಮವ್ರೂ ಆ ಕಡೀಗೇ ತೊಗರಿ ಖರೀದಿಗೆ ತಿರಗತಾರ. ಅಲ್ಲಿ ಅಡಗಿ ಮಾಡಾಕಿ ಒಬ್ಬಾಕಿ ಇದ್ದಾಳಂತ, ಆಕಿ ಕಡಿಂದ ಇವು ಮಾಡಸ್ತಾರ. ಏನ ಸ್ವಚ್ಛ ಕೈರಿ ಆಕಿದು! ಒಂದರೆ ಹೊತ್ತಿರಂಗಿಲ್ಲ, ಹಸಿ ಇರಂಗಿಲ್ಲ."

ಶಿವಕಾಂತಾಳಿಗೆ ಕೇಳಲು ಒಂದು ಮಾತು ಮಾತ್ರ ಉಳಿದಿತ್ತು, ಅದನ್ನು ಕೇಳಿಯೇ ಬಿಟ್ಟಳು. "ನಿಮ್ಮ ಮನಿಯವ್ರಿಗೂ ಸಕ್ರಿ ಅದ ಏನ್ರಿ?"

"ಅವ್ರಿಗೆ? ಥೂ, ಬಿಡ್ತು ಅನ್ರಿ! ಕಲ್ಲ ತಿಂದ್ರೂ ಅರಗಿಸಿಕೊಳ್ಳು ಮನಶಾ. ಚಾದಾಗ ಮೂರು ಚಮಚ ಸಕ್ರಿ ಬೇಕು. ತಿರಗಾಟದಾಗ ಬರೇ ಸಪ್ಪನ ಚಾ ಕೊಡ್ತಾರ, ಇಲ್ಲಿ ಬಂದ ಮ್ಯಾಲೇ ನನಗ ಬಾಯಿ ರುಚಿ ಅಂತಾರ." ಹೆಂಗಸು ನಕ್ಕಳು. ಆಮೇಲೆ ಇವಳ ಮುಖ ನೋಡಿ ಗಾಬರಿಯಾದಳು. "ಯಾಕ್ರಿ ಯಕ್ಕಾ, ಬಿಸಲ ಬಡೀತೇನು? ಕೂಡ್ರಿ, ನೀರು ತರ್ತೇನಿ."

ಶಿವಕಾಂತಾ ಕೂರಲಿಲ್ಲ. ಆ ಹೆಂಗಸಿನ ಕೊರಳಲ್ಲಿ ತಾಳಿಯಿತ್ತು. ಒಳಗೆ ಗೂಟಕ್ಕೆ ನೇತುಬಿದ್ದ ದೌಲತರಾಯನ ಟವೆಲ್ಲು ಕಂಡಿತು. ಅವಳನ್ನು ಎಳೆದು ಬೀಳಿಸಿ, ಕೂದಲು ಹಿಡಿದು, ನಾನೇ ಬೇ ನಿನ್ನ ಅಡಗಿಯಾಕಿ ಎಂದು ಓಣಿಗೆಲ್ಲ ಕೇಳುವಂತೆ ಕೂಗಬಹುದಿತ್ತು. ಬೇರೆ ದಿನವಾಗಿದ್ದರೆ ಕೂಗುತ್ತಿದ್ದಳೇನೋ. ಆದರೆ ಅವಳು ಆ ಬಾಗಿಲಿಗೆ ಹೆಂಡತಿಯಾಗಿ ಬಂದಿರಲಿಲ್ಲ, ಬೇಡಲು ಬಂದಿದ್ದಳು. ಜೋಳಿಗೆಯಲ್ಲಿ ಆ ಹೆಂಗಸು ಹಾಕಿದ ಭಿಕ್ಷೆ ಇತ್ತು. ಹೋಗಲಿ, ಅವಳ ಮೇಲೆ ಸಿಟ್ಟು ಮಾಡೋಣವೆಂದರೆ ಆ ಬಾಡಿದ ಮುಖ, ಚೌಕಟ್ಟು ಹಿಡಿದುಕೊಂಡ ನಡುಗುವ ಕೈ! ಅಪ್ಪನ ಕೈಯೂ ಉಪವಾಸವಿದ್ದಾಗ ಹೀಗೇ ನಡುಗುತ್ತಿತ್ತು.

"ಏನಾರ ಉಣ್ಣು ಯವ್ವಾ ಜಲ್ದಿ. ಖಾಲಿ ಹೊಟ್ಟೀಲೆ ಇರಬ್ಯಾಡ," ಅಂದಳು. ಅಂದಮೇಲೆ ತನ್ನ ನಾಲಿಗೆಯ ಮೇಲೆಯೇ ಅವಳಿಗೆ ಹೇಸಿಕೆಯಾಯಿತು.

ನಾಲ್ಕನೇ ಮನೆ, ಐದನೇ ಮನೆ ಹೇಗೆ ಬೇಡಿದಳೋ ಅವಳಿಗೆ ನೆನಪಿಲ್ಲ. ಯಾರೋ ಏನೋ ಹಾಕಿದರು. ಕಾಲುಗಳು ತಾವಾಗಿಯೇ ಹೊಳೆಯ ಕಡೆ ನಡೆದವು. ಮೆಟ್ಟಿಲ ಮೇಲೆ, ಅತ್ತಿಯ ಗಿಡದ ನೆರಳಿನಲ್ಲಿ, ನೂರಾರು ಜನ ಜೋಳಿಗೆ ಬಿಚ್ಚಿಕೊಂಡು ಉಣ್ಣುತ್ತಿದ್ದರು. ಅವಳೂ ಬಿಚ್ಚಿದಳು. ರೊಟ್ಟಿ, ಅನ್ನ, ಬೇಳೆ, ಮೊಸರು, ಬಿಸ್ಕೀಟು ಎಲ್ಲ ಒಂದಾಗಿತ್ತು.

ಮೋಸ. ಎಂಥ ಮೋಸ! ಇನ್ನೊಬ್ಬಳನ್ನು ಕಟ್ಟಿಕೊಂಡದ್ದು ಒಂದು. ಅದಕ್ಕೂ ಅವಳ ಎದೆ ಉರಿಯಿತು, ಇಲ್ಲವೆಂದಲ್ಲ. ಆದರೆ ಅವಳ ಅಪ್ಪನ ಕಾಲು ಕೊಳೆಯಿಸಿದ ಕಾಯಿಲೆಯನ್ನು ಎತ್ತಿ ತಂದು, ತನಗೆ ಬಂದಿದೆ ಎಂದು ಹೇಳಿ, ಎರಡು ವರ್ಷ ಅವಳನ್ನು ನಡುಗಿಸಿದನಲ್ಲ! ಮಲಗಿದವನ ಪಾದವನ್ನು ಅವಳು ದಿನಾ ಬೆಳಿಗ್ಗೆ ಮುಟ್ಟಿ ನೋಡುತ್ತಿದ್ದಳು, ಗಾಯವೇನಾದರೂ ಆಗಿದೆಯೇ ಎಂದು. ಅವನು ನಿದ್ದೆಯಲ್ಲಿ ಇದ್ದವನಂತೆ ಬಿದ್ದಿರುತ್ತಿದ್ದ. ಎಚ್ಚರ ಇದ್ದನೇ? ಒಳಗೊಳಗೇ ನಗುತ್ತಿದ್ದನೇ? ಮುಮತಾಜ ಬೆರಳು ಚುಚ್ಚಿ ನೋಡುತ್ತೇನೆಂದು ಎಷ್ಟು ಸಲ ಯಂತ್ರ ತಂದಿದ್ದಳು! ಪ್ರತಿಸಲವೂ "ಜೇವರ್ಗಿಯಾಗ ದೊಡ್ಡ ಡಾಕ್ಟರೇ ನೋಡ್ತಾರ, ನಿನ್ನ ಸೂಜಿ ಯಾಕ ಬೇಕು," ಎಂದು ತಪ್ಪಿಸಿಕೊಂಡಿದ್ದ. ಡಾಕ್ಟರೂ ಇರಲಿಲ್ಲ, ಗೋದಾಮಿನ ರಾತ್ರಿಯೂ ಇರಲಿಲ್ಲ.

ಎದ್ದು ಎಲ್ಲವನ್ನೂ ಹೊಳೆಗೆ ಸುರಿದುಬಿಡಬೇಕು ಅನಿಸಿತು. ಸುರಿಯಲಿಲ್ಲ. ಭಿಕ್ಷೆ ಚೆಲ್ಲಬಾರದು. ಒಂದು ಬಿಸ್ಕೀಟು ತೆಗೆದು ಕಚ್ಚಿದಳು. ಎರಡು ವರ್ಷದಲ್ಲಿ ಮೊದಲ ಬಾರಿ ಒಂದಿಡೀ ಬಿಸ್ಕೀಟು ತಿನ್ನುತ್ತಿದ್ದಳು. ಉಪ್ಪು ಒಂದು ಕಾಳು ಹೆಚ್ಚಾಗಿದೆ ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು. ಇಂಥ ಹೊತ್ತಿನಲ್ಲೂ ಉಪ್ಪಿನ ವಿಚಾರ ಮಾಡುವ ತನ್ನ ಹೆಣ್ಣುಬುದ್ಧಿಗೆ ಅವಳಿಗೆ ಅಳು ಬಂತು. ಅತ್ತಳು. ಪಕ್ಕದಲ್ಲಿ ಉಣ್ಣುತ್ತಿದ್ದ ಯಾರೂ ಯಾಕೆಂದು ಕೇಳಲಿಲ್ಲ. ಅಲ್ಲಿ ಅಳುವವರು ದಿನಾ ಇರುತ್ತಾರೆ.

ದೌಲತರಾಯ ಶುಕ್ರವಾರ ಮಧ್ಯಾಹ್ನ ಬಂದ. ಅವಳು ನೀರು ಕೊಟ್ಟಳು, ಊಟ ಬಡಿಸಿದಳು, ಸಕ್ಕರೆಯಿಲ್ಲದ ಚಹಾ ಕೊಟ್ಟಳು. ಅವನು ಎಂದಿನಂತೆ ಮುಖ ಕಿವುಚಿ ಕುಡಿದು, "ಏನ ಮಾಡೂದು, ನಮ್ಮ ಹಣೇಬಾರ," ಅಂದ. ಎರಡು ದಿನ ಅವಳು ಸುಮ್ಮನಿದ್ದಳು. ಗುರಮ್ಮ, "ಯಾಕ ಬೇ, ಹರಕಿ ತೀರಸಿ ಬಂದ ಮ್ಯಾಲೂ ಮಾರಿ ಹಿಂಗ ಮಾಡೀ?" ಎಂದು ಕೇಳಿದಾಗ, ಬಸ್ಸಿನ ಆಯಾಸ ಅಂದಳು. ಶನಿವಾರ ಸಂಜೆ ಮುಮತಾಜಳ ಮನೆಗೆ ಹೋಗಿ ಬಂದಳು.

ರವಿವಾರ ಬೆಳಿಗ್ಗೆ ದೌಲತರಾಯ ಬಿಳಿ ಅಂಗಿ ತೊಟ್ಟು ಪಡಸಾಲೆಯಲ್ಲಿ ಕೂತಿದ್ದ. ಮುಮತಾಜ ಚೀಲದೊಂದಿಗೆ ಬಂದಳು. "ಮಾವಾರ, ಬೆರಳ ಕೊಡ್ರಿ. ಖಾಲಿ ಹೊಟ್ಟೀಲೇ ಇದ್ದೀರಿ, ಬರೋಬರಿ ಆತು."

"ಈಗೇನ ಬ್ಯಾಡ. ಜೇವರ್ಗಿಯಾಗ..."

"ಕೊಡೋ! ಹೆಂಗಸರು ಅಷ್ಟು ಹೇಳಾಕತ್ತಾರ, ಸೂಜಿಗಿ ಅಂಜತೀಯಾ?" ಗುರಮ್ಮ ಮಗನ ಕೈ ಹಿಡಿದು ತಾನೇ ಮುಂದೆ ಚಾಚಿದಳು. ತಾಯಿಯ ಹಿಡಿತದಿಂದ ಕೈ ಕಿತ್ತುಕೊಳ್ಳುವಂತಿರಲಿಲ್ಲ. ಮುಮತಾಜ ಚುಚ್ಚಿದಳು, ರಕ್ತದ ಹನಿ ಪಟ್ಟಿಗೆ ತಾಗಿಸಿದಳು, ಬೆರಳಿಗೆ ಹತ್ತಿ ಕೊಟ್ಟಳು. ಯಂತ್ರ ಕೂಗಿತು.

"ತೊಂಬತ್ತೆರಡು!" ಮುಮತಾಜ ಕಣ್ಣರಳಿಸಿದಳು. "ಮಾವಾರ, ನಿಮಗ ಸಕ್ರಿನೇ ಇಲ್ಲಲ್ರಿ! ನನ್ನಕಿಂತ ಕಡಿಮಿ ಅದ."

ಗುರಮ್ಮ ಎರಡೂ ಕೈ ಮುಗಿದು ಮೇಲೆ ನೋಡಿದಳು. "ಯಪ್ಪಾ ದತ್ತಾ, ಕಣ್ಣ ತೆರದೀ ನನ್ನಪ್ಪಾ! ಮೂರು ದಿನದಾಗ! ನೋಡೋ ದೌಲತಾ, ನಿನ್ನ ಸಲುವಾಗಿ ಈಕಿ ಗಾಣಗಾಪುರದಾಗ ಜೋಳಗಿ ಹಿಡದು ಐದು ಮನಿ ಬೇಡಿ ಬಂದಾಳ. ಇಂಥಾ ಹೇಣ್ತಿ ಸಿಗಾಕ ಪುಣ್ಯಾ ಮಾಡಿರಬೇಕು."

ಗಾಣಗಾಪುರ ಅಂದೊಡನೆ ದೌಲತರಾಯನ ಮುಖದ ಬಣ್ಣ ಹೋಯಿತು. ಹೆಂಡತಿಯನ್ನು ನೋಡಿದ. ಅವಳು ಕಂಬಕ್ಕೆ ಒರಗಿ ನಿಂತಿದ್ದಳು, ಮುಖದಲ್ಲಿ ಏನೂ ಇರಲಿಲ್ಲ. ಅವನಿಗೆ ಉಸಿರು ತಿರುಗಿತು. ಮುಮತಾಜ ಇನ್ನೊಂದು ಮನೆಗೆ ಹೋಗಬೇಕೆಂದು ಎದ್ದಳು. ಅವಳು ಬಾಗಿಲು ದಾಟಿದ ಮೇಲೆ ಅವನು, "ಹೌದು, ಹರಕಿ ಫಲಾ ಕೊಟ್ಟದ. ನಾ ಸುದ್ದಾ ನಂಬಿರಲಿಲ್ಲ," ಅಂದ. ಅದರ ಬೆನ್ನಿಗೇ, "ಆದ್ರೂ ಬಿಸ್ಕೀಟ ಬಿಡೂದು ಬ್ಯಾಡ. ವಾರಾ ವಾರಾ ಮಾಡು. ಮತ್ತ ಏರಿದ್ರ ಏನ ಮಾಡೂದು?" ಎಂದು ಸೇರಿಸಿದ.

ಎಷ್ಟು ಸಲೀಸಾಗಿ ಬಂತು ಆ ಮಾತು! ಶಿವಕಾಂತಾ ಅವನು ಒಂದು ಸಲ ತಡವರಿಸಲಿ ಎಂದು ಕಾದಿದ್ದಳು. ನಾಚಿಕೆಯಿಂದ ತಲೆ ತಗ್ಗಿಸಿದ್ದರೂ ಸಾಕಿತ್ತು. ಎರಡು ದಿನ ಅವಳು ಸುಮ್ಮನಿದ್ದದ್ದು ಅಷ್ಟಕ್ಕೇ.

"ಶಿವಕಾಂತಾ, ಆ ಐದೂ ಮನಿ ನೆನಪ ಇಟ್ಟೀಯೇನು?" ಗುರಮ್ಮನಿಗೆ ಸಂತೋಷ ತಡೆಯಲಾಗುತ್ತಿರಲಿಲ್ಲ. "ಮುಂದಿನ ಗುರುವಾರ ಮೂರೂ ಮಂದಿ ಕೂಡೇ ಹೋಗೂಣು. ಭಿಕ್ಷಾ ಹಾಕಿದ ಕೈಗೆ ಕಾಯಿ ಸಕ್ರಿ ಕೊಟ್ಟು ಬರೂಣು. ಏನೇನ ಹಾಕಿದ್ರವ್ವಾ? ಹೇಳೇ ಇಲ್ಲ ನೀ."

"ಮೊದಲನೇ ಮನ್ಯಾಗ ರೊಟ್ಟಿ ಹಾಕಿದ್ರು ಅತ್ತಿ," ಶಿವಕಾಂತಾ ಹೇಳಿದಳು. ಮಾತು ಅತ್ತೆಗೆ, ಕಣ್ಣು ಗಂಡನ ಮೇಲೆ. "ಎರಡನೇ ಮನ್ಯಾಗ ಅನ್ನಾ ಬ್ಯಾಳಿ. ಮೂರನೇದು ಓಣಿ ತಿರುವಿನ್ಯಾಗ, ನೀಲಿ ಬಾಗಲದ ಮನಿ. ಅಲ್ಲಿ ಬಿಸ್ಕೀಟ ಹಾಕಿದ್ರು."

"ಭಿಕ್ಷಾಕ್ಕ ಬಿಸ್ಕೀಟೇನ ಬೇ?" ಗುರಮ್ಮ ನಕ್ಕಳು.

"ಹೌದ್ರಿ, ಓಟ್ಸಿನವು. ನಮ್ಮಪ್ಪನ ಹೆಸರಿನ ಡಬ್ಬ್ಯಾಗಿಂದ ತಗದು ಹಾಕಿದ್ರು. ಆ ಮನಿಯಾಕಿಗೆ ಎರಡು ವರ್ಷಾತಂತ ಸಕ್ರಿ ಬಂದು. ಆಕಿ ಗಂಡಾ ಅಡಗಿಯಾಕಿ ಕಡಿಂದ ಮಾಡಿಸಿ ತಂದು ಕೊಡ್ತಾನಂತ. ಗಂಡಗೇನೂ ಆಗಿಲ್ಲಂತ, ಚಾಕ್ಕ ಮೂರು ಚಮಚ ಬೇಕಂತ."

ಗುರಮ್ಮನ ನಗು ಬಾಯಲ್ಲೇ ನಿಂತಿತು. ಮುದುಕಿ ದಡ್ಡಿಯಲ್ಲ. ಮಗನನ್ನು ನೋಡಿದಳು, ಮಗ ತನ್ನ ಬೆರಳಿಗೆ ಒತ್ತಿ ಹಿಡಿದ ಹತ್ತಿಯನ್ನೇ ನೋಡುತ್ತಿದ್ದ. "ಹೌದೇನೋ?" ಎಂದು ಕೇಳಿದಳು. ಅವನು ಹತ್ತಿಯನ್ನು ಇನ್ನಷ್ಟು ಒತ್ತಿದ. ಮಗನ ಮಗ್ಗುಲಲ್ಲಿದ್ದವಳು ಮೆಲ್ಲಗೆ ಹಿಂದೆ ಸರಿದು ಗೋಡೆಗೆ ಒರಗಿದಳು.

ಶಿವಕಾಂತಾ ಅಡಿಗೆಮನೆಗೆ ಹೋದಳು. ಕಲಸುವ ಪರಾತ ತಂದು ಗಂಡನ ಮುಂದೆ ಇಟ್ಟಳು. ಓಟ್ಸಿನ ಹಿಟ್ಟು ತಂದಳು, ಸಜ್ಜೆಹಿಟ್ಟು, ಅಗಸೆ, ಶೇಂಗಾಪುಡಿ, ತುಪ್ಪದ ಗಿಂಡಿ, ಉಪ್ಪು, ಓಂಕಾಳು. ಒಂದೊಂದಕ್ಕೂ ಒಳಗೆ ಹೊರಗೆ ಓಡಾಡಿ ಸಾಲಾಗಿ ಇಟ್ಟಳು. ಕೊನೆಗೆ ಒಂದು ತಂಬಿಗೆ ನೀರು.

"ಆಕಿದು ಪಥ್ಯಾ ತಪ್ಪಬಾರದು. ಕೈ ನಡಗಾಕತ್ತಿತ್ತು ಆಕಿದು, ನಾ ನೋಡೇನಿ," ಅಂದಳು. ದನಿ ಏರಲಿಲ್ಲ. "ಗುರುವಾರಕ್ಕ ಇನ್ನ ನಾಕು ದಿನಾ ಅದ. ಕಲ್ತುಕೋರಿ. ಕಲಸ್ರಿ."

"ಶಿವಕಾಂತಾ, ಕೇಳಿಲ್ಲಿ, ನಾ ಹೇಳೂದು..."

"ಕಲಸ್ರಿ."

ದೌಲತರಾಯ ತಾಯಿಯ ಕಡೆ ನೋಡಿದ. ಗುರಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂತಿದ್ದಳು. ಹೊರಗೆ ಓಣಿಯಲ್ಲಿ ಮುಮತಾಜಳ ದನಿ ಕೇಳುತ್ತಿತ್ತು. ದೌಲತರಾಯನಿಗೆ ಸಕ್ಕರೆ ಪೂರ್ತಿ ಇಳಿಯಿತೆಂದು ಯಾರಿಗೋ ಹೇಳುತ್ತಿದ್ದಳು. ಯಾರೋ ಹೌದಾ ಹೌದಾ ಎಂದು ಬೆರಗಾಗುತ್ತಿದ್ದರು.

ಅವನು ಬೆರಳ ಮೇಲಿನ ಹತ್ತಿ ತೆಗೆದು ಕೆಳಗಿಟ್ಟ. ಬಿಳಿ ಅಂಗಿಯ ತೋಳು ಮಡಚಿದ. ಹಿಟ್ಟನ್ನೆಲ್ಲ ಪರಾತಕ್ಕೆ ಸುರಿದು, ಎರಡೂ ಕೈ ಅದರಲ್ಲಿ ಇಟ್ಟ.

"ನೀರ ಎಷ್ಟ ಹಾಕಬೇಕು?" ಕೊನೆಗೆ ಕೇಳಿದ.

ಶಿವಕಾಂತಾ ಮೂಲೆ ಮುರಿದ ಹಿತ್ತಾಳೆಯ ಬಿಲ್ಲೆಯನ್ನು ತಂದು ತಂಬಿಗೆಯ ಪಕ್ಕ ಇಟ್ಟಳು.